ನನ್ನ ಗಂಟಲಲ್ಲಿ ಇನ್ನೊಬ್ಬರ ತುತ್ತು

ನನಗೆ ಬಂದಿದ್ದ ಕಾಯಿಲೆಗೆ ಏನು ಹೆಸರು ಎಂದು ಕೇಳಿದರೆ ಇವತ್ತಿಗೂ ನೆಟ್ಟಗೆ ಉತ್ತರ ಹೇಳಲಾರೆ. ನಮ್ಮತ್ತೆ ಅದನ್ನು ಗಾಳಿ ಎಂದರು. ನನ್ನ ಗಂಡ ನಿಶ್ಶಕ್ತಿ ಎಂದರು. ಬೆಂಗಳೂರಿನ ದೊಡ್ಡ ಡಾಕ್ಟರು ಏನೂ ಇಲ್ಲ ಎಂದರು. ಮೂವರಲ್ಲಿ ನನಗೆ ಹೆಚ್ಚು ಸಿಟ್ಟು ಬಂದದ್ದು ಆ ಡಾಕ್ಟರ ಮೇಲೆ. ಅನ್ನ ನುಂಗಲಾಗದೆ, ಉಟ್ಟ ಸೀರೆ ಸೊಂಟದಲ್ಲಿ ನಿಲ್ಲದಷ್ಟು ಸೊರಗಿದವಳಿಗೆ ಏನೂ ಇಲ್ಲ ಎಂದರೆ ಮೈ ಉರಿಯದೆ ಇನ್ನೇನಾದೀತು?

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು ಇದು. ಆಗ ನಾನು ಕೋಲಾರದ ಒಂದು ಆಸ್ಪತ್ರೆಯಲ್ಲಿ ನರ್ಸ್. ಮನೆ ಕ್ಯಾಲನೂರಿನಲ್ಲಿ. ಗಂಡ ನಾರಾಯಣಸ್ವಾಮಿ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೌಕರರು. ಅತ್ತೆ ಮುನಿಯಮ್ಮ ಹಸು ಸಾಕಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದರು. ಮಗಳು ಪದ್ಮ ಆಗಷ್ಟೇ ಶಾಲೆಗೆ ಸೇರಿದ್ದಳು. ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಬಸ್ಸಿಗೆ ಬರುವ ಬದುಕು ನನ್ನದು.

ನಮ್ಮ ವಾರ್ಡು ಆಸ್ಪತ್ರೆಯ ಹಿಂಭಾಗದಲ್ಲಿತ್ತು. ಬೆಂಗಳೂರಿಗೆ ಹೋಗಿ ‘ಕರೆಂಟ್ ಇಡಿಸಿಕೊಂಡು’ (ರೇಡಿಯೇಷನ್ನಿಗೆ ನಮ್ಮ ಕಡೆಯವರೆಲ್ಲ ಹಾಗೆಯೇ ಅನ್ನುವುದು) ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ವಾಪಸಾದವರು ಅಲ್ಲಿರುತ್ತಿದ್ದರು. ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದ ಕಡೆಯ ಜನ. ಹೆಚ್ಚಿನವರಿಗೆ ಬಾಯಿ, ಗಂಟಲು, ಇಲ್ಲವೇ ಅನ್ನನಾಳದ ಕ್ಯಾನ್ಸರು. ಬಾಯಿಂದ ಏನೂ ಇಳಿಯದವರಿಗೆ ಮೂಗಿನಿಂದ ಹೊಟ್ಟೆಯವರೆಗೆ ಒಂದು ನಳಿಗೆ ಬಿಟ್ಟಿರುತ್ತಿದ್ದೆವು. ರಾಗಿ ಗಂಜಿಯನ್ನು ತೆಳುಬಟ್ಟೆಯಲ್ಲಿ ಸೋಸಿ, ಆರಿಸಿ, ಆ ನಳಿಗೆಗೆ ನಿಧಾನವಾಗಿ ಹುಯ್ಯುವುದು ನಮ್ಮ ಕೆಲಸ.

ನಮ್ಮ ಕಡೆ ಇಬ್ಬರು ಎದುರಾದರೆ ಬಾಯಿಗೆ ಬರುವ ಮೊದಲ ಮಾತು ‘ಊಟ ಆಯ್ತಾ?’ ಎಂಬುದು. ಕೇಳಿದವರಿಗೆ ಉತ್ತರ ಬೇಕಾಗಿರುವುದಿಲ್ಲ, ಹೇಳಿದವರಿಗೆ ಅದರ ಅರ್ಥ ನೆನಪಿರುವುದಿಲ್ಲ. ವಾರ್ಡಿನಲ್ಲಿ ನಂಗಲಿಯ ಲಾರಿ ಡ್ರೈವರ್ ಚೌಡಪ್ಪ ಎಂಬವರಿದ್ದರು. ಅವರನ್ನು ನೋಡಲು ಬಂದ ಅಳಿಯ ಬಾಗಿಲಲ್ಲೇ ನಿಂತು, ಅಭ್ಯಾಸಬಲದಿಂದ, “ಊಟ ಆಯ್ತಾ ಮಾವಾ?” ಎಂದುಬಿಟ್ಟ. ಚೌಡಪ್ಪನವರು ಆ ಒಡಕು ದನಿಯಲ್ಲೇ “ಆಯ್ತಪ್ಪಾ, ಮೂಗಲ್ಲಿ” ಎಂದರು. ಇಡೀ ವಾರ್ಡು ನಕ್ಕಿತು. ನಕ್ಕು ಮುಗಿಯುವ ಹೊತ್ತಿಗೆ ಅವರು ಗೋಡೆಯ ಕಡೆ ತಿರುಗಿಕೊಂಡಿದ್ದರು. ಹೆಗಲು ಕುಲುಕುತ್ತಿತ್ತು.

ಮಾರನೆಯ ದಿನ ನಮ್ಮ ವಾರ್ಡಿನ ಮುಖ್ಯಸ್ಥೆ ರೆಬೆಕ್ಕಮ್ಮ ಸಿಸ್ಟರ್ ಎಲ್ಲರನ್ನೂ ಕರೆದರು. ಅವರ ಒಂದು ನೋಟಕ್ಕೆ ಹೌಸ್ ಸರ್ಜನ್‌ಗಳೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. “ಇನ್ಮೇಲೆ ಈ ವಾರ್ಡಲ್ಲಿ ಊಟ ಅನ್ನೋ ಮಾತು ಯಾರ ಬಾಯಲ್ಲೂ ಬರಕೂಡದು. ಪೇಷೆಂಟುಗಳಿಗೆ ಕಾಣೋ ಹಾಗೆ ಯಾರೂ ತಿನ್ನಕೂಡದು” ಎಂದರು.

ಮರುಕದಿಂದಲೇ ಮಾಡಿದ ನಿಯಮ ಅದು. ಅವತ್ತಿನಿಂದ ನಾವು ಹೊದಿಕೆಗಳನ್ನಿಡುವ ಅಲ್ಮೇರಾದ ಹಿಂದೆ ತಿನ್ನತೊಡಗಿದೆವು. ಅಲ್ಲಿ ಒಬ್ಬರು ನಿಲ್ಲುವಷ್ಟೇ ಜಾಗ. ಒಬ್ಬೊಬ್ಬರಾಗಿ ಹೋಗಿ, ಮುಚ್ಚಳ ಸದ್ದು ಮಾಡದಂತೆ ಡಬ್ಬಿ ತೆಗೆದು, ಕದ್ದು ತಿನ್ನುವವರ ಹಾಗೆ ನಿಂತೇ ತಿಂದು ಬರಬೇಕು. ಬಾಯಿ ತುಂಬಿಕೊಂಡಿರುವಾಗ ಯಾರಾದರೂ “ಸಿಸ್ಟರಮ್ಮಾ” ಎಂದು ಕೂಗಿದರೆ ತುತ್ತನ್ನು ಹಾಗೆಯೇ ನುಂಗಿ ಓಡಬೇಕು. ಓಡುತ್ತಿದ್ದೆವು.

ಚೌಡಪ್ಪನವರಿಗೆ ಎಲ್ಲ ಗೊತ್ತಿತ್ತು. “ಡಬ್ಬೀಲಿ ಏನಮ್ಮಾ ಈವತ್ತು?” ಎಂದು ಕೇಳುತ್ತಿದ್ದರು.

“ಏನೂ ಇಲ್ಲಣ್ಣ, ಸುಮ್ನೆ ಮಲಗಿ.”

“ಹುಳ್ಳಿಕಾಳ್ ಬಸ್ಸಾರು. ಗಂಟ್ಲು ಕೆಟ್ಟೈತೆ ಸಿಸ್ಟರಮ್ಮಾ, ಮೂಗಲ್ಲ. ಒಂದು ಹೊಳ್ಳೆ ಇನ್ನೂ ಖಾಲಿ ಐತೆ.”

ಅವರು ಬೇಸಿಗೆ ಶುರುವಾಗುವ ಮೊದಲೇ ತೀರಿಕೊಂಡರು. ಹಾಸಿಗೆಯನ್ನು ಫಿನಾಯಿಲ್ ಹಾಕಿ ಒರೆಸಿದೆವು, ಹೊಸ ಹೊದಿಕೆ ಹಾಸಿದೆವು, ಸಂಜೆಗೆ ಅಲ್ಲಿ ಇನ್ನೊಬ್ಬರು ಬಂದು ಮಲಗಿದರು. ನಮ್ಮೊಳಗೆ ಯಾರೂ ಅವರ ಮಾತೆತ್ತಲಿಲ್ಲ. ಎತ್ತುವ ಪದ್ಧತಿಯೇ ಇರಲಿಲ್ಲ. ಮನೆಯಲ್ಲೂ ಅಷ್ಟೇ. ನಾನು ಬಸ್ಸಿಳಿದು ಬಂದಾಗ ಅತ್ತೆ “ಈವತ್ತು ಸ್ನಾನ ಐತಾ?” ಎಂದು ಕೇಳುತ್ತಿದ್ದರು. ಸಾವಿನ ದಿನವಾಗಿದ್ದರೆ ನಾನು ಹಿತ್ತಲಲ್ಲೇ ತಲೆಗೆ ನೀರು ಹುಯ್ದುಕೊಂಡು ಒಳಗೆ ಬರಬೇಕಿತ್ತು. ಐತೆ ಎಂದರೆ ಬಿಸಿನೀರು ತಂದಿಡುತ್ತಿದ್ದರು. ಯಾರು, ಯಾವೂರು ಎಂದು ಕೇಳುತ್ತಿರಲಿಲ್ಲ.

ಮಾವಿನ ಕಾಲದಲ್ಲಿ ಗೌನಿಪಲ್ಲಿಯಿಂದ ಲಕ್ಷ್ಮೀದೇವಮ್ಮ ಬಂದರು. ಅನ್ನನಾಳ ಪೂರ್ತಿ ಮುಚ್ಚಿತ್ತು. ಉಗುಳು ಕೂಡ ಇಳಿಯುತ್ತಿರಲಿಲ್ಲ, ಯಾವಾಗಲೂ ಕೈಯಲ್ಲಿ ಒಂದು ಬಟ್ಟಲು. ಸ್ವಂತ ಮಾವಿನ ತೋಪಿನ ಹೆಂಗಸು. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ತೋಪಿನ ಒಂದೊಂದು ಮರದ ಗುಣಾವಗುಣ ಹೇಳುತ್ತಿದ್ದರು, ಸೊಸೆಯರ ಬಗ್ಗೆ ಹೇಳುವ ಹಾಗೆ. ನನ್ನನ್ನು ಕರೆಯುತ್ತಿದ್ದದ್ದು ‘ತಲ್ಲಿ’ ಎಂದು, ತೆಲುಗಿನಲ್ಲಿ ತಾಯಿ. ಅವರಿಗೆ ಹಣ್ಣಿನ ಆಸೆಯೇ ಇರಲಿಲ್ಲ. “ಹಣ್ಣು ಯಾರ್ ಬೇಕಾದ್ರೂ ತಿಂತಾರೆ. ನಂಗೆ ವಾಟೆ ಚೀಪ್ಬೇಕು ತಲ್ಲಿ” ಎನ್ನುತ್ತಿದ್ದರು. ವಾಟೆಯೆಂದರೆ ಒಳಗಿನ ಗೊರಟು.

ಒಂದು ಮಧ್ಯಾಹ್ನ ಅವರ ಮಗ ನಮಗೆಲ್ಲ ಎಂದು ಒಂದು ಮಂಕರಿ ಹಣ್ಣು ತಂದಿಟ್ಟು ಹೋದ. ಲಕ್ಷ್ಮೀದೇವಮ್ಮ ನನ್ನ ಸೆರಗು ಹಿಡಿದರು. “ನನ್ ಮುಂದೆ ಒಂದು ತಿನ್ನು. ನಾನು ನೋಡ್ತೀನಿ.”

“ಹಂಗೆಲ್ಲ ಮಾಡಂಗಿಲ್ಲ ಅಮ್ಮಾ. ದೊಡ್ಡ ಸಿಸ್ಟರ್ ಬಯ್ತಾರೆ.”

“ಆಕೆಗೂ ಒಂದು ಕೊಡು. ಪರದೆ ಎಳಿ.”

ಪರದೆ ಎಳೆದೆ. ಹಣ್ಣು ಕಚ್ಚಿದೆ. ಅವರು ನನ್ನ ಮುಖ ನೋಡಲಿಲ್ಲ, ಗಂಟಲನ್ನು ನೋಡುತ್ತಿದ್ದರು. ನಾನು ನುಂಗಿದಾಗಲೆಲ್ಲ ಅವರ ಗಂಟಲೂ ಒಮ್ಮೆ ಮೇಲೆದ್ದು ಇಳಿಯುತ್ತಿತ್ತು. ಕೊನೆಗೆ ವಾಟೆ ಬಾಯಿಗಿಟ್ಟು ಚೀಪಿದೆ. ಅವರು ಕಣ್ಣು ಮುಚ್ಚಿಕೊಂಡು, ತುಟಿ ಚೂಪು ಮಾಡಿಕೊಂಡು, ನನ್ನ ಜೊತೆಗೇ ಚೀಪಿದರು. “ಇದು ಬಾವಿ ಪಕ್ಕದ ಮರದ್ದು” ಎಂದರು. ಅಷ್ಟು ತೃಪ್ತಿಯ ಮುಖವನ್ನು ಆ ವಾರ್ಡಿನಲ್ಲಿ ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮಾರನೆಯ ದಿನ ಡ್ಯೂಟಿಗೆ ಹೋದಾಗ ಹಾಸಿಗೆ ಖಾಲಿಯಿತ್ತು.

ಅವತ್ತು ಸಂಜೆ ಹಿತ್ತಲಲ್ಲಿ ಸ್ನಾನ ಮಾಡಿ ಊಟಕ್ಕೆ ಕೂತೆ. ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗಿದೆ. ಹಿಂದೆಯೇ ನನ್ನ ಗಂಟಲು ತಾನಾಗಿ ಇನ್ನೊಂದು ಸಲ ನುಂಗಿತು. ಬಾಯಲ್ಲಿ ಏನೂ ಇರಲಿಲ್ಲ. ಆದರೂ ಯಾರೋ ನುಂಗಿದರು. ಸುಮ್ಮನೆ ಭ್ರಮೆ ಎಂದು ಎರಡನೆಯ ತುತ್ತು ಇಟ್ಟೆ. ಮತ್ತೆ ಹಾಗೆಯೇ. ಮೂರನೆಯದು ಅರ್ಧದಲ್ಲಿ ಸಿಕ್ಕಿಕೊಂಡಿತು, ಉಸಿರು ಕಟ್ಟಿತು, ಎದ್ದು ಓಡಿ ಹಿತ್ತಲಲ್ಲಿ ಉಗುಳಿದೆ.

ಮುಂದಿನ ವಾರಗಳಲ್ಲಿ ಮುದ್ದೆ ಬಿಟ್ಟೆ, ಅನ್ನ ಬಿಟ್ಟೆ, ಗಂಜಿಗೆ ಬಂದೆ. ನಮ್ಮ ರೋಗಿಗಳೆಲ್ಲ ಇಳಿದು ಬಂದ ಮೆಟ್ಟಿಲುಗಳೇ ಅವು. ಮೊದಲು ಗಟ್ಟಿಯದು ಹೋಗುತ್ತದೆ, ಆಮೇಲೆ ಮೆತ್ತನೆಯದು, ಆಮೇಲೆ ನೀರು. ನನಗೂ ಅದೇ ಬಂದಿದೆ ಎಂಬುದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ. ಬಚ್ಚಲಲ್ಲಿ ಕನ್ನಡಿ ಹಿಡಿದು, ಟಾರ್ಚು ಬಿಟ್ಟು ಗಂಟಲು ನೋಡಿಕೊಳ್ಳುತ್ತಿದ್ದೆ. ಅಲ್ಮೇರಾದ ಹಿಂದೆ ಹೋಗಿ ಡಬ್ಬಿ ತೆರೆದರೆ ಸಾಕು, “ಡಬ್ಬೀಲಿ ಏನಮ್ಮಾ?” ಎಂದು ಆ ಒಡಕು ದನಿ ಪಕ್ಕದಲ್ಲೇ ಕೇಳುತ್ತಿತ್ತು. ತಿರುಗಿ ನೋಡಿದರೆ ಹೊದಿಕೆಗಳು.

ಇದಿಷ್ಟೇ ಆಗಿದ್ದರೆ ಹೇಗೋ ಹಲ್ಲು ಕಚ್ಚಿಕೊಂಡು ಇರುತ್ತಿದ್ದೆನೇನೋ. ಆದರೆ ಪದ್ಮ ಊಟಕ್ಕೆ ಕೂತರೆ ನಾನು ಅವಳ ಎದುರು ಕೂತು ಅವಳ ಗಂಟಲನ್ನೇ ನೋಡತೊಡಗಿದ್ದೆ. ಇಳೀತಾ ಪುಟ್ಟಿ? ನೋವಾಯ್ತಾ? ಬಾಯಿ ತೆಗಿ ನೋಡೋಣ. ಮಗು ಮೊದಮೊದಲು ನಕ್ಕಿತು. ಆಮೇಲೆ ಹೆದರಿತು. ಒಂದು ದಿನ ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡು, ನುಂಗದೆ, ನನ್ನನ್ನೇ ನೋಡುತ್ತಾ ಅಳತೊಡಗಿತು. ಅತ್ತೆ ತಟ್ಟೆ ಸಮೇತ ಅವಳನ್ನು ಎತ್ತಿಕೊಂಡು ಹೋದರು.

“ನಿನ್ನಿಂದ ಮಗಾ ಊಟ ಬಿಡ್ತಾ ಐತೆ ಕಣೇ ಸರೋಜಿ” ಎಂದರು ವಾಪಸು ಬಂದು. “ನೀನು ಉಪವಾಸ ಸಾಯಿ, ನಾನು ಬ್ಯಾಡ ಅನ್ನಲ್ಲ. ಅವಳನ್ನ ಯಾಕೆ ಕರ್ಕೊಂಡೋಯ್ತೀಯ?”

ಆ ಮಾತಿಗೆ ನಾನು ಇಡೀ ದಿನ ಅಳುತ್ತಲೇ ಇದ್ದೆ. ಆದರೆ ನನ್ನನ್ನು ಎಬ್ಬಿಸಿದ್ದೂ ಅದೇ ಮಾತು.

ಅತ್ತೆಯ ಪ್ರಕಾರ ಆಸ್ಪತ್ರೆಯಲ್ಲಿ ಸತ್ತವರು ಯಾರೋ ನನ್ನ ಬೆನ್ನಿಗೆ ಬಿದ್ದು ಬಂದಿದ್ದರು. ನಂಗಲಿಯ ಆಚೆ ಗಡಿಯ ಹತ್ತಿರ ಒಬ್ಬ ಮಂತ್ರವಾದಿಯ ಬಳಿ ಕರೆದುಕೊಂಡು ಹೋಗಿ ತಾಯಿತ ಕಟ್ಟಿಸಿದರು. ಆತ ಎಷ್ಟು ಜನ ಹಿಡಿದಿದ್ದಾರೆ ಎಂದು ಕೇಳಿದ. ಎಷ್ಟು ಹೇಳಲಿ?

ಆಷಾಢದಲ್ಲಿ ಗಂಡ ಬೆಂಗಳೂರಿಗೆ ಕರೆದುಕೊಂಡು ಹೋದರು. ಎಷ್ಟೋ ಸಲ ರೋಗಿಗಳ ಜೊತೆ ಹೋಗಿ ಕಾದ ಆಸ್ಪತ್ರೆಯೇ ಅದು, ಅದೇ ಬೆಂಚು. ಸಮವಸ್ತ್ರ ಇಲ್ಲದೆ ಅಲ್ಲಿ ಕೂತಾಗ ಮೈಮೇಲೆ ಬಟ್ಟೆಯೇ ಇಲ್ಲವೆನ್ನಿಸಿತು. ಪಕ್ಕದಲ್ಲಿದ್ದ ಮುದುಕರೊಬ್ಬರು ಟವೆಲಿನಿಂದ ಬಾಯಿ ಮುಚ್ಚಿಕೊಂಡಿದ್ದರು, ಅವರ ಹೆಂಡತಿ ನನಗೆ ಜಾಗ ಬಿಟ್ಟು ಸರಿದು ಕೂತರು. ಅಲ್ಲಿನ ಆಯಾ ನನ್ನ ಗುರುತು ಹಿಡಿದು ನಗುತ್ತಾ ಬಂದಳು.

“ಏನ್ ಸಿಸ್ಟರ್, ಈ ಸಲ ಯಾರನ್ನ ಕರ್ಕೊಂಡ್ ಬಂದ್ರಿ?”

“ನನ್ನನ್ನೇ ಕಣಮ್ಮ” ಎಂದೆ.

ಅವಳ ನಗು ನಿಂತಿತು. ಹೋಗಿ ಒಂದು ಲೋಟ ನೀರು ತಂದುಕೊಟ್ಟು, ನಾನು ಗುಟುಕು ಗುಟುಕಾಗಿ ಕುಡಿದು ಮುಗಿಸುವವರೆಗೂ ಹೆಗಲ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅವಳ ಹೆಸರು ಕೇಳಿಕೊಳ್ಳಲಿಲ್ಲ. ಈಗಲೂ ಆ ಕೈ ನೆನಪಾಗುತ್ತದೆ.

ಗಂಟಲಿಗೆ ಕೊಳವೆ ಇಳಿಸಿ ನೋಡಿದರು. ಬಿಳಿ ಔಷಧಿ ಕುಡಿಸಿ ಎಕ್ಸ್‌ರೇ ತೆಗೆದರು. ಏನೂ ಇಲ್ಲ ಎಂದರು. ಗಂಡ ಕೈಮುಗಿದು ಕಣ್ಣೀರು ಹಾಕಿಕೊಂಡರು. ನಾನು ಮಾತ್ರ “ಸರಿಯಾಗಿ ನೋಡಿ ಡಾಕ್ಟ್ರೇ” ಎಂದು ಜಗಳಕ್ಕೇ ನಿಂತೆ. ಆ ಡಾಕ್ಟರು ಕೋಪಿಸಿಕೊಳ್ಳದೆ ಒಂದು ಚೀಟಿ ಬರೆದು ಮಾನಸಿಕ ಆಸ್ಪತ್ರೆಗೆ ಹೋಗಲು ಹೇಳಿದರು.

ಊರಿಗೆ ವಾಪಸಾದೆವು. ಮನೆಯಲ್ಲಿ ಅತ್ತೆ ಎದೆ ಹೊಡೆದುಕೊಂಡರು. “ಅಲ್ಲಿ ತಲೆಗೆ ಕರೆಂಟ್ ಕೊಡ್ತಾರಂತೆ! ಹೊಟ್ಟೆಗಿಲ್ಲದೋಳ್ಗೆ ತಲೆಗೆ ಯಾಕೆ ಕರೆಂಟು?”

ಹೆದರಿಕೊಂಡೇ ಹೋದೆ. ಯಾರೂ ಕರೆಂಟು ಕೊಡಲಿಲ್ಲ. ನನಗಿಂತ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು, ಶೀತದಿಂದ ಮೂಗು ಒರೆಸಿಕೊಳ್ಳುತ್ತಾ ಕೂತಿದ್ದರು. ಗಂಟಲ ಬಗ್ಗೆ ಏನೂ ಕೇಳಲಿಲ್ಲ. “ಡ್ಯೂಟೀಲಿ ಊಟ ಎಲ್ಲಿ ಮಾಡ್ತೀರಿ?” ಎಂದರು.

“ಅಲ್ಮೇರಾ ಹಿಂದೆ.”

“ಯಾರ ಜೊತೆ?”

ನನಗೆ ಆ ಕ್ಷಣದಲ್ಲಿ ನಿಜವಾಗಿ ತೋಚಿದ ಉತ್ತರ ಚೌಡಪ್ಪನವರ ಹೆಸರು. ಹೇಳಲು ಬಾಯಿ ತೆರೆದವಳು ಅಳತೊಡಗಿದೆ, ನಿಲ್ಲಿಸಲಾಗಲಿಲ್ಲ. ಅವರು ಕರವಸ್ತ್ರ ಕೊಡಲು ಹೋಗಿ, ಅದು ತಮ್ಮ ಶೀತದ್ದೆಂದು ನೆನಪಾಗಿ ವಾಪಸು ತೆಗೆದುಕೊಂಡರು. ನನಗೆ ಅಳುವಿನಲ್ಲೂ ನಗು ಬಂತು. ಮಾತ್ರೆ ಬರೆದುಕೊಟ್ಟರು. ಅದಕ್ಕಿಂತ ದೊಡ್ಡದಾಗಿ ಒಂದು ಕೆಲಸ ಹೇಳಿದರು: ಸತ್ತವರ ಬಗ್ಗೆ ಮನೆಯಲ್ಲಿ ಯಾರಿಗಾದರೂ ಹೇಳಬೇಕು. ಹೆಸರು ಹಿಡಿದು.

ಗಂಡನಿಗೆ ಹೇಳಲು ಹೋದರೆ ಅವರು ಎದ್ದು ಹೊರಗೆ ಹೋಗುತ್ತಿದ್ದರು. ಒಳ್ಳೆಯವರು, ಆದರೆ ಸಾವಿನ ಮಾತು ಅವರಿಗೆ ಆಗುತ್ತಿರಲಿಲ್ಲ. ಬೇರೆ ಯಾರೂ ಸಿಕ್ಕದೆ ಒಂದು ಸಂಜೆ ಕೊಟ್ಟಿಗೆಯಲ್ಲಿ ಅತ್ತೆ ಹಾಲು ಕರೆಯುತ್ತಿದ್ದಾಗ ಹೋಗಿ ಕಂಬಕ್ಕೆ ಒರಗಿ ನಿಂತೆ. “ಅತ್ತೆ, ಚೌಡಪ್ಪ ಅಂತ ಒಬ್ರಿದ್ರು” ಎಂದೆ.

ಅವರು ತಿರುಗಿ ನೋಡಲಿಲ್ಲ. “ಹೂಂ. ಯಾವೂರು?”

“ನಂಗಲಿ.”

“ಏನ್ ತಿಂತಿದ್ದ?”

ಅವರಿಗೆ ಆ ಪ್ರಶ್ನೆ ಹೇಗೆ ಹೊಳೆಯಿತೋ ಕಾಣೆ. ಆಕಳಿನ ಪಕ್ಕೆಗೆ ಹಣೆಯಿಟ್ಟುಕೊಂಡು, ಬಕೆಟ್ಟಿಗೆ ಹಾಲು ಬೀಳುತ್ತಿರುವಾಗ, ಅವರು ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. ದಿನಕ್ಕೊಬ್ಬರು. ಚೌಡಪ್ಪನವರಿಗೆ ಕೋಳಿ ಸಾರು. ಲಕ್ಷ್ಮೀದೇವಮ್ಮನವರಿಗೆ ವಾಟೆ. ಮಾಲೂರಿನ ಒಬ್ಬ ಸಿದ್ದಮ್ಮನಿಗೆ ಬರೀ ಒಂದು ಲೋಟ ಕಾಫಿ. ಗಂಜಿ ಹೋಗಿ ಅನ್ನಕ್ಕೆ ಬಂದೆ. ಆದರೆ ಪ್ರತಿ ತುತ್ತಿನ ಹಿಂದೆ ಆ ಎರಡನೆಯ ನುಂಗು ಹಾಗೆಯೇ ಇತ್ತು. ಪದ್ಮ ಇನ್ನೂ ಒಳಮನೆಯಲ್ಲೇ, ನನಗೆ ಬೆನ್ನು ಹಾಕಿ ಉಣ್ಣುತ್ತಿದ್ದಳು.

ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಅವತ್ತು ಮನೆಯ ಹಿರಿಯರಿಗೆ, ಅವರು ಬದುಕಿದ್ದಾಗ ಏನೇನು ಇಷ್ಟಪಡುತ್ತಿದ್ದರೋ ಅದನ್ನೆಲ್ಲ ಮಾಡಿ ಎಲೆಯ ಮೇಲೆ ಎಡೆಯಿಡುತ್ತಾರೆ. ಅವರು ಉಂಡ ಮೇಲೆ ನಾವು ಉಣ್ಣಬೇಕು. ಇನ್ನೊಂದು ಎಲೆ ಹಾಕೋಣವೇ ಎಂದು ನಾನು ಅತ್ತೆಯನ್ನು ಕೇಳಿದೆ.

“ಬುದ್ಧಿ ಐತಾ ನಿಂಗೆ?” ಎಂದರು. “ಊರೋರನ್ನೆಲ್ಲ ನಮ್ಮನೇಗೆ ಕರೆದ್ರೆ ನಮ್ ಹಿರೀಕರು ಎಲ್ಲೋಗ್ಬೇಕು? ಬಾಗ್ಲಲ್ಲಿ ನಿಂತ್ಕೋಬೇಕಾ?”

ಅವರ ಮಾತು ಶಾಸ್ತ್ರದ ಪ್ರಕಾರ ಸರಿಯೇ. ಪರರ ಪಿತೃಗಳನ್ನು ಮನೆಗೆ ಕರೆಯುವಂತಿಲ್ಲ. ಆದರೂ ಒಳಗೊಳಗೇ ನೊಂದೆ.

ಅಮಾವಾಸ್ಯೆಯ ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ಕೋಳಿ ಸಾರಿನ ವಾಸನೆ ಬಂತು. ಈಗ ಮೂಗಿಗೂ ಭ್ರಮೆ ಶುರುವಾಯಿತು ಎಂದುಕೊಂಡೆ. ನೋಡಿದರೆ ಅತ್ತೆ, ತಲೆಯ ಮೇಲೆ ಮಂಕರಿ, ಕಂಕುಳಲ್ಲಿ ಬಾಳೆಲೆಯ ಸುರುಳಿ. ಪಕ್ಕದಲ್ಲಿ ಪದ್ಮ. ಜೀವಮಾನದಲ್ಲಿ ಅವರು ನನ್ನ ಆಸ್ಪತ್ರೆಗೆ ಬಂದವರೇ ಅಲ್ಲ.

“ಮನೇದು ಸಂಜೆಗೆ ಇಡ್ತೀನಿ” ಎಂದರು, ಜಗಳ ಮುಂದುವರಿಸುವ ದನಿಯಲ್ಲಿ. “ಇವರು ಸತ್ತಿದ್ದು ಇಲ್ಲಿ ತಾನೇ? ಇವರ್ದು ಇಲ್ಲೇ ಆಗ್ಲಿ.”

ರೆಬೆಕ್ಕಮ್ಮ ಸಿಸ್ಟರ್ ಎದ್ದು ಬಂದರು. “ಏನಿದು?” ಎಂದರು.

“ಸತ್ತೋರ್ಗೆ ಊಟ ಕಣಮ್ಮ.”

ಆ ವಾರ್ಡಿನಲ್ಲಿ ಎಷ್ಟೋ ಕಾಲದಿಂದ ಯಾರೂ ಆಡದ ಮಾತು. ರೆಬೆಕ್ಕಮ್ಮ ಮಂಕರಿಯನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ಸಡಿಲ ರವಿಕೆಯ ತೋಳನ್ನು ನೋಡಿದರು. “ಒಳಗೆ ಬೇಡ” ಎಂದರು. “ಹಿಂದುಗಡೆ ಹುಣಸೆ ಮರದ ಹತ್ರ ಇಡಿ.”

ಅತ್ತೆ ನೆಲ ಗುಡಿಸಿ, ನೀರು ಚಿಮುಕಿಸಿ, ಎಲೆ ಹಾಕಿದರು. ಕೋಳಿ ಸಾರು, ಮುದ್ದೆ. ಒಂದು ಲೋಟ ಕಾಫಿ. ಕೊಟ್ಟಿಗೆಯಲ್ಲಿ ನಾನು ಹೇಳಿದ್ದರಲ್ಲಿ ಒಂದನ್ನೂ ಅವರು ಮರೆತಿರಲಿಲ್ಲ. ಚೌಡಪ್ಪನವರಿಗೆಂದು ಒಂದು ಕಟ್ಟು ಬೀಡಿ ಇಟ್ಟಾಗ ಮಾತ್ರ ನಾನು ತಡೆಯದೆ, “ಅತ್ತೆ, ಅದರಿಂದಲೇ ಅವರಿಗೆ ಬಂದಿದ್ದು!” ಎಂದೆ.

“ಇನ್ನೇನ್ ಬತ್ತದೆ ಈಗ ಅವನ್ಗೆ? ಸೇದ್ಲಿ ಬಿಡು.”

ಮಾವಿನ ಕಾಲ ಮುಗಿದಿತ್ತು. ಲಕ್ಷ್ಮೀದೇವಮ್ಮನವರಿಗೆ ಏನು ಎಂದು ನಾನು ನೋಡುತ್ತಿದ್ದೆ. ಅತ್ತೆ ಜಾಡಿಯಿಂದ ಮಾವಿನ ಆವಕಾಯಿ ಉಪ್ಪಿನಕಾಯಿಯ ಒಂದು ದೊಡ್ಡ ಹೋಳು ತೆಗೆದು ಎಲೆಯ ತುದಿಗೆ ಇಟ್ಟರು. ಹೋಳಿಗೆ ಗಟ್ಟಿ ವಾಟೆ ಅಂಟಿಕೊಂಡೇ ಇತ್ತು. “ಚೀಪ್ಲಿ” ಎಂದರು.

ಅಷ್ಟರಲ್ಲಿ ಇತರ ನರ್ಸುಗಳೂ ಒಬ್ಬೊಬ್ಬರಾಗಿ ಬಂದು ನಿಂತಿದ್ದರು. ಯಾರೂ ಕರೆದಿರಲಿಲ್ಲ. ಒಬ್ಬಳು ತನ್ನ ಡಬ್ಬಿ ತೆರೆದು ಒಂದು ಇಡ್ಲಿ ಎಲೆಯ ಮೇಲಿಟ್ಟು ಯಾವುದೋ ಹೆಸರು ಗೊಣಗಿದಳು. ರೆಬೆಕ್ಕಮ್ಮ ದೂರದಲ್ಲಿ ನಿಂತು ತಮ್ಮ ಪ್ರಾರ್ಥನೆ ಹೇಳಿಕೊಂಡರು. ಮುಗಿಸಿ, ಯಾರನ್ನೂ ನೋಡದೆ, “ನಾನೂ ಮಧ್ಯಾಹ್ನ ಊಟ ಬಿಟ್ಟು ಯಾವ ಕಾಲ ಆಯ್ತೋ. ಬರೀ ಬನ್ನು, ಟೀ” ಎಂದರು. ನಾವು ಅವರ ಕೆಳಗೆ ಅಷ್ಟು ವರ್ಷ ಕೆಲಸ ಮಾಡಿಯೂ ನಮಗದು ಗೊತ್ತಿರಲಿಲ್ಲ.

ಅತ್ತೆ ಕರ್ಪೂರ ಹಚ್ಚಿದರು. ನಾವೆಲ್ಲ ಬೆನ್ನು ತಿರುಗಿಸಿ ನಿಂತೆವು. ಸತ್ತವರು ಉಣ್ಣುವಾಗ ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಒಮ್ಮೆ ಕೆಮ್ಮಿ, ಮರದ ಕಡೆ ತಿರುಗಿ, ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಕೂಗಿದರು: “ಎಲ್ಲಾರ್ದೂ ಊಟ ಆಯ್ತೇನ್ರಪ್ಪಾ?”

“ಆಯ್ತಂತೆ” ಎಂದರು ನನಗೆ. “ಈಗ ನೀನು ಕೂತ್ಕೋ.”

ಕೂತೆ. ಪದ್ಮ ಎದುರಿಗೆ ಬಂದು ಕೂತು ನನ್ನ ಗಂಟಲನ್ನೇ ನೋಡತೊಡಗಿದಳು. ನಾನು ಅವಳಿಗೆ ಕಲಿಸಿದ್ದೇ ಅದು. ಆವಕಾಯಿ ಹೋಳನ್ನು ಬಾಯಿಗಿಟ್ಟು ಚೀಪಿದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ನುಂಗಿದೆ. ಇಳಿಯಿತು. ಹಿಂದೆ ಬರುವ ಆ ಎರಡನೆಯ ನುಂಗಿಗಾಗಿ ಕಾದೆ. ಬರಲಿಲ್ಲ. ಮತ್ತೂ ಕಾದೆ. ಬರಲಿಲ್ಲವಲ್ಲಾ ಎಂದು ಎಲೆಯ ಮುಂದೆ ಕೂತು ಗೊಳೋ ಎಂದು ಅತ್ತುಬಿಟ್ಟೆ.

“ಖಾರನಾ ಅಮ್ಮಾ?” ಎಂದಳು ಪದ್ಮ. ಹೌದು ಎಂದೆ. ಅವಳು ಮುದ್ದೆಯ ಒಂದು ಚೂರು ಮುರಿದು ನನ್ನ ಬಾಯಿಗಿಟ್ಟಳು, ಇನ್ನೊಂದನ್ನು ನನ್ನೆದುರೇ ತನ್ನ ಬಾಯಿಗೆ ಹಾಕಿಕೊಂಡು ನುಂಗಿದಳು.

ಅಲ್ಲಿಗೆ ಎಲ್ಲ ವಾಸಿಯಾಯಿತು ಎಂದರೆ ಸುಳ್ಳು. ಮಾತ್ರೆಗಳು ಬಹಳ ಕಾಲ ನಡೆದವು. ಆ ಎರಡನೆಯ ನುಂಗು ಎಷ್ಟೋ ಸಲ ವಾಪಸು ಬಂತು, ಹೆಚ್ಚಾಗಿ ಮಾವಿನ ಕಾಲದಲ್ಲಿ. ಆದರೆ ಅಮಾವಾಸ್ಯೆಯ ಮಾರನೆಯ ದಿನವೇ ರೆಬೆಕ್ಕಮ್ಮ ಅಲ್ಮೇರಾವನ್ನು ಗೋಡೆಗೆ ತಳ್ಳಿಸಿ ಹಿಂದೆ ಯಾರೂ ನಿಲ್ಲದಂತೆ ಮಾಡಿದರು. ಇಬ್ಬಿಬ್ಬರಾಗಿ, ಮೂವರಾಗಿ ನಾವು ಹುಣಸೆ ಮರದ ಕೆಳಗೆ ಕೂತು ಉಣ್ಣತೊಡಗಿದೆವು. ಯಾರಾದರೂ ತೀರಿಕೊಂಡ ದಿನ ಡಬ್ಬಿ ತೆರೆಯುವ ಮೊದಲು ಒಬ್ಬರು, ಆ ಮನುಷ್ಯರಿಗೆ ಏನು ಇಷ್ಟವಾಗಿತ್ತು ಎಂದು ಹೇಳಬೇಕಿತ್ತು. ರೆಬೆಕ್ಕಮ್ಮ ಬನ್ನು ಬಿಟ್ಟು ಡಬ್ಬಿ ತರತೊಡಗಿದರು. ವಾರ್ಡಿನಲ್ಲಿ ಊಟದ ಮಾತಿನ ಮೇಲಿನ ನಿಷೇಧ ತಾನಾಗಿಯೇ ಸವೆದುಹೋಯಿತು.

ಈಗ ನನಗೆ ವಯಸ್ಸಾಗಿದೆ, ಕೆಲಸದಿಂದ ಬಿಡುಗಡೆಯಾಗಿ ವರ್ಷಗಳಾದವು. ಅತ್ತೆ ಇಲ್ಲ, ರೆಬೆಕ್ಕಮ್ಮನವರೂ ಇಲ್ಲ. ಇಂಥ ವಾರ್ಡುಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಸಿಕ್ಕರೆ ನಾನು ಕೇಳುವುದು ಒಂದೇ ಮಾತು: ಊಟ ಯಾರ ಜೊತೆ ಮಾಡ್ತೀಯಮ್ಮ? ಕೆಲವರು ನಗುತ್ತಾರೆ. ಕೆಲವರು ಬೇರೆ ಕಡೆ ನೋಡುತ್ತಾರೆ. ಅಂಥವರನ್ನು ನಾನು ಸುಲಭಕ್ಕೆ ಬಿಡುವುದಿಲ್ಲ.

ಇವತ್ತಿಗೂ ಮನೆಯಲ್ಲಿ ಯಾರೂ ಇಲ್ಲದೆ ಒಬ್ಬಳೇ ತಟ್ಟೆ ಮುಂದಿಟ್ಟುಕೊಂಡರೆ ಬಾಗಿಲ ಕಡೆಯಿಂದ ಆ ಒಡಕು ದನಿ ಬರುತ್ತದೆ. “ಡಬ್ಬೀಲಿ ಏನಮ್ಮಾ ಈವತ್ತು?”

ಮೊದಲಿನಂತೆ ಏನೂ ಇಲ್ಲ ಎನ್ನುವುದಿಲ್ಲ. “ಹುಳ್ಳಿಕಾಳ್ ಬಸ್ಸಾರು, ಮುದ್ದೆ ಕಣಣ್ಣಾ” ಎಂದು ಗಟ್ಟಿಯಾಗಿಯೇ ಹೇಳುತ್ತೇನೆ. ಮೊದಲು ಅವರದಾಗಲಿ ಎಂದು ಸ್ವಲ್ಪ ಹೊತ್ತು ತಡೆದು, ಆಮೇಲೆ ನುಂಗುತ್ತೇನೆ.